ಉದ್ದದ ಪಟ್ಟಿ, ಗಿಡ್ಡ ಬುದ್ಧಿ

ಮೊದಲೇ ಒಂದು ಮಾತು ಸ್ಪಷ್ಟಪಡಿಸಿಬಿಡುತ್ತೇನೆ. ಅಪಾಯ ಎಂಬುದು ಇನ್ನೂ ಚಪ್ಪಲಿ ಮೆಟ್ಟಿಕೊಳ್ಳುತ್ತಿರುವಾಗಲೇ ಅದನ್ನು ಗುರುತಿಸಬಲ್ಲ ಮನುಷ್ಯ ನಾನು. ಇದು ಜಂಬವಲ್ಲ, ಉದ್ಯೋಗ. ಸೌದಿಯ ಜುಬೈಲಿನ ಒಂದು ಕಾರ್ಖಾನೆಯಲ್ಲಿ ನಾನು ಸೇಫ್ಟಿ ಆಫೀಸರ್. ಎಲ್ಲಿ ಎಣ್ಣೆ ಚೆಲ್ಲಿದೆ, ಯಾರು ಹೆಲ್ಮೆಟ್ಟನ್ನು ತಲೆಯ ಬದಲು ಕಂಕುಳಲ್ಲಿ ಇಟ್ಟುಕೊಂಡಿದ್ದಾರೆ, ಯಾವ ಏಣಿ ಇವತ್ತೋ ನಾಳೆಯೋ ಒಬ್ಬನನ್ನು ಕೆಡವಲಿದೆ ಎಂಬುದೆಲ್ಲ ನನಗೆ ನೋಡಿದ ಕೂಡಲೇ ತಿಳಿಯುತ್ತದೆ. ಇಷ್ಟು ವರ್ಷಗಳಲ್ಲಿ ನನ್ನ ಕಣ್ಣಿಗೆ ಬೀಳದ ಅಪಾಯ ಒಂದೇ ಒಂದು. ಅದು ನನ್ನ ಮೂಗಿನ ಕೆಳಗೇ ಇತ್ತು. ಬಾಯಿ!

ಗೆನ್ನಾದಿ ಪೆತ್ರೋವಿಚ್ ನಮ್ಮ ಕಾರ್ಖಾನೆಗೆ ಬಂದದ್ದು ದೊಡ್ಡ ಕಂಪ್ರೆಸರುಗಳನ್ನು ನೋಡಿಕೊಳ್ಳಲಿಕ್ಕೆ. ರಷ್ಯಾದವನು. 'ಪೆಟ್ರೋಲಿನ ಊರಿಗೆ ಪೆತ್ರೋವಿಚ್ಚೇ ಬರಬೇಕು' ಎಂದು ನಮ್ಮ ಕಂಪನಿ ಬಸ್ಸಿನಲ್ಲಿ ಎಲ್ಲರೂ ನಕ್ಕಿದ್ದರು. ಆಳು ಗೋದ್ರೆಜ್ ಕಪಾಟಿನಷ್ಟು, ಮಾತು ಮಾತ್ರ ಬಹಳ ಕಡಿಮೆ. ಎರಡು ವರ್ಷದಿಂದ ಕ್ಯಾಂಟೀನಿನಲ್ಲಿ ನಾವಿಬ್ಬರೂ ಒಂದೇ ಮೇಜಿನಲ್ಲಿ ಊಟ ಮಾಡುತ್ತಿದ್ದೆವು. ನಾನು ಮಾತಾಡುತ್ತಿದ್ದೆ, ಅವನು ಕೇಳುತ್ತಿದ್ದ. ಇಂಥ ಸೌಭಾಗ್ಯ ನನಗೆ ಮನೆಯಲ್ಲೂ ದೊರೆತಿರಲಿಲ್ಲ. ಅವನ ಇಂಗ್ಲಿಷಿಗೂ ನನ್ನ ಇಂಗ್ಲಿಷಿಗೂ ವ್ಯಾಕರಣದ ಹಂಗು ಇರಲಿಲ್ಲವಾದ್ದರಿಂದ ಇಬ್ಬರಿಗೂ ಎಲ್ಲವೂ ಅರ್ಥವಾಗುತ್ತಿತ್ತು. ಅಥವಾ ಹಾಗೆಂದು ನಾನು ತಿಳಿದಿದ್ದೆ.

ಒಂದು ಮಧ್ಯಾಹ್ನ ಅವನು ಚಮಚ ಕೆಳಗಿಟ್ಟು ಆಚೀಚೆ ನೋಡಿದ.

"ಸುರೇಶ್, ಒಂದು ವಿಷಯ ಹೇಳುತ್ತೇನೆ. ಯಾರಿಗೂ ಹೇಳಬಾರದು."

"ಛೇ ಛೇ! ನನ್ನ ಬಾಯಿ ಎಂದರೆ ಬೀಗ ಹಾಕಿದ ಗೋದಾಮು" ಎಂದೆ. ಬೀಗದ ಕೈ ಎಲ್ಲಿದೆ ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.

"ನಾನು ಒಂದು ಕಾದಂಬರಿ ಬರೆದಿದ್ದೇನೆ. ಪ್ರಕಾಶಕರೆಲ್ಲ ಹಳೇ ಕಾಲದ್ದು ಎಂದು ವಾಪಸ್ ಕಳಿಸಿದರು. ಆದರೆ ನಮ್ಮಲ್ಲಿ ಒಂದು ಪ್ರಶಸ್ತಿ ಇದೆ. ರಷ್ಯನ್ ಭಾಷೆಯಲ್ಲಿ ಹಳೆಯ ಸಂಪ್ರದಾಯದಂತೆ ಕಥೆ ಬರೆಯುವವರಿಗೆ. ಈಗಿನ ಕಾದಂಬರಿಗಳಲ್ಲಿ ಸತ್ತವನು ಯಾರು, ಕೊಂದವನು ಯಾರು, ಕಥೆ ಹೇಳುತ್ತಿರುವವನು ಯಾರು, ಒಂದೂ ತಿಳಿಯುವುದಿಲ್ಲ. ಇದು ಹಾಗಲ್ಲ. ಊರು ಇರಬೇಕು, ನದಿ ಇರಬೇಕು, ಮನುಷ್ಯರು ಇರಬೇಕು. ನನ್ನ ಪುಸ್ತಕ ಅಚ್ಚಾಗಲಿಕ್ಕೆ ಇದೊಂದೇ ದಾರಿ ಉಳಿದಿರುವುದು. ಆ ಪ್ರಶಸ್ತಿಯ ಲಾಂಗ್ ಲಿಸ್ಟಿನಲ್ಲಿ ನನ್ನ ಹೆಸರು ಬಂದಿದೆ."

ಇಷ್ಟು ಹೇಳಿ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲನ್ನು ತೆಗೆದು ಅದರ ಮೇಲೆ ಬೆರಳಿನಿಂದ ಟಕಟಕ ಕುಟ್ಟಿದ. ಆಮೇಲೆ ಎಡ ಹೆಗಲಿನ ಕಡೆಗೆ ಕತ್ತು ತಿರುಗಿಸಿ 'ತೂ ತೂ ತೂ' ಎಂದ. ಅಂದು ಕ್ಯಾಂಟೀನಿನಲ್ಲಿ ಮೀನು. ಮುಳ್ಳು ಸಿಕ್ಕಿಕೊಂಡಿರಬೇಕೆಂದು ನಾನು ಗಾಬರಿಯಿಂದ ನೀರು ಕೊಟ್ಟು ಬೆನ್ನಿಗೆ ನಾಲ್ಕು ಗುದ್ದಿದೆ. ಪ್ರಥಮ ಚಿಕಿತ್ಸೆ ನನ್ನ ಕರ್ತವ್ಯ!

ಈಗ ಉದ್ದದ ಪಟ್ಟಿಯ ವಿಚಾರಕ್ಕೆ ಬರೋಣ. ನನ್ನ ತಪ್ಪು ಸಣ್ಣದು ಎಂದು ನಾನು ಈಗಲೂ ವಾದಿಸುತ್ತೇನೆ. ನವೆಂಬರ್ ಬಂತೆಂದರೆ ನಮ್ಮ ರಾಜ್ಯದಲ್ಲಿ ಪ್ರಶಸ್ತಿಯ ಪಟ್ಟಿ ಬರುತ್ತದೆ. ಆ ಪಟ್ಟಿ ಎಷ್ಟು ಉದ್ದ ಎಂಬುದು ಕನ್ನಡದ ಮಕ್ಕಳಿಗೆಲ್ಲ ಗೊತ್ತು. ಪೇಪರಿನಲ್ಲಿ ಶುರುವಾದರೆ ಒಳಪುಟಕ್ಕೆ ಹೋಗಿ ಮುಗಿಯುತ್ತದೆ. ಅದರಲ್ಲಿ ಹೆಸರು ಬಂತು ಎಂದರೆ ಪ್ರಶಸ್ತಿ ಬಂತು ಎಂದೇ ಅರ್ಥ. ಪಟ್ಟಿ ಉದ್ದವಾದಷ್ಟೂ ಸಂತೋಷ ಹೆಚ್ಚು. ಪಟ್ಟಿಯಲ್ಲಿ ಹೆಸರು ಬಂದ ಮೇಲೂ ಪ್ರಶಸ್ತಿ ಬಾರದೇ ಇರಬಹುದು ಎಂಬ ಕ್ರೌರ್ಯವನ್ನು ನಾವು ಕಂಡವರಲ್ಲ. ಹಾಗಾಗಿ ಗೆನ್ನಾದಿಗೆ ಪ್ರಶಸ್ತಿ ಬಂದೇಬಿಟ್ಟಿದೆ ಎಂದು ನಾನು ತಿಳಿದದ್ದರಲ್ಲಿ ಆಶ್ಚರ್ಯವೇನು?

ಯಾರಿಗೂ ಹೇಳಬಾರದು ಎಂದಿದ್ದನಲ್ಲ, ನಾನು ಯಾರಿಗೂ ಹೇಳಲಿಲ್ಲ. ಹೆಂಡತಿಗೆ ಮಾತ್ರ ಹೇಳಿದೆ. ಹೆಂಡತಿ 'ಯಾರಿಗೂ' ಎಂಬುದರ ಒಳಗೆ ಬರುವುದಿಲ್ಲ ಎಂಬುದು ನನ್ನ ವ್ಯಾಖ್ಯಾನ.

ಶಶಿ ಚಪಾತಿ ಲಟ್ಟಿಸುತ್ತಲೇ ಕೇಳಿದಳು. "ಪ್ರಶಸ್ತಿ ಬಂತು ಅಂತ ಹೇಳಿದ್ರಾ, ಲಿಸ್ಟಲ್ಲಿ ಹೆಸರುಂಟು ಅಂತ ಹೇಳಿದ್ರಾ?"

"ಎರಡೂ ಒಂದೇ ಅಲ್ವಾ?"

"ನನಗೆ ಗೊತ್ತಿಲ್ಲ ಮಾರಾಯ್ರೆ. ಅವರತ್ರ ಇನ್ನೊಂದು ಸಲ ಕೇಳಿ. ಯಾರಿಗೂ ಹೇಳ್ಬೇಡಿ ಅಂತ ಹೇಳಿದ್ದಾರಲ್ಲ, ನೀವು ಸುಮ್ನೆ ಕೂತ್ಕೊಳ್ಳಿ."

ಸುಮ್ಮನೆ ಕೂರಲು ಹೇಳಿದಾಗಲೇ ನನಗೆ ತೊಗರಿಬೇಳೆ ತರಬೇಕೆಂದು ನೆನಪಾಗುವುದು. ನಮ್ಮಲ್ಲಿ ತೊಗರಿಬೇಳೆ ಎಂದರೆ ಸಾದಿಕ್ ಸಾಹೇಬರ ಅಂಗಡಿ. ಭಟ್ಕಳದವರು, ಅವರ ತಂದೆಯ ಕಾಲದಿಂದ ಇಲ್ಲಿ ವ್ಯಾಪಾರ. ನಮ್ಮ ಕನ್ನಡ ಸಂಘದ ಅಧ್ಯಕ್ಷರೂ ಅವರೇ. ಹೋದಾಗ ಸಾಹೇಬರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಶುಕ್ರವಾರ ಸಂಘದ ವಾರ್ಷಿಕೋತ್ಸವ. ಮುಖ್ಯ ಅತಿಥಿಗಳು ಕೊನೆಯ ಗಳಿಗೆಯಲ್ಲಿ ಕೈಕೊಟ್ಟಿದ್ದರು.

"ಶಾಲು ಉಂಟು, ಪೇಟ ಉಂಟು, ಹಣ್ಣಿನ ಬುಟ್ಟಿಗೆ ಹೇಳಿ ಆಗಿದೆ" ಎಂದರು ಸಾಹೇಬರು. "ಅದನ್ನು ಹೊದಿಸ್ಲಿಕ್ಕೆ ಒಂದು ಜನ ಇಲ್ಲ. ಕ್ಯಾ ಕರೂಂ, ಸುರೇಶಣ್ಣ?"

ಓದುಗರೇ, ನಾನು ಮನುಷ್ಯ. ಶಾಲು ಒಂದು ಕಡೆ ಅನಾಥವಾಗಿದೆ, ಸಾಹಿತಿ ಒಂದು ಕಡೆ ಅನಾಥನಾಗಿದ್ದಾನೆ, ನಡುವೆ ನಾನು ತೊಗರಿಬೇಳೆ ಹಿಡಿದು ನಿಂತಿದ್ದೇನೆ. ಹೇಳದೇ ಇರಲು ಸಾಧ್ಯವೇ?

"ಮಾಷಾ ಅಲ್ಲಾ!" ಎಂದು ಸಾಹೇಬರು ಎದ್ದೇ ನಿಂತರು. "ರಷ್ಯಾದ ದೊಡ್ಡ ಪ್ರಶಸ್ತಿ! ನಮ್ಮ ಜುಬೈಲಿಗೆ! ಸನ್ಮಾನ ಮಾಡುವ. ಅಭಿನಂದನಾ ಭಾಷಣ ನೀವೇ ಮಾಡಿ. ನಿಮ್ಮಷ್ಟು ಅವರನ್ನು ತಿಳಿದವರು ಯಾರುಂಟು?"

ಅಭಿನಂದನಾ ಭಾಷಣ! ಅಲ್ಲಿಯವರೆಗೆ ಸಂಘದವರು ನನಗೆ ವೇದಿಕೆಯ ಮೇಲೆ ಒಂದೇ ಕೆಲಸ ಕೊಟ್ಟಿದ್ದರು. ವಯರು ಯಾರ ಕಾಲಿಗೂ ತೊಡರದಂತೆ ಟೇಪು ಅಂಟಿಸುವುದು. ಈ ಸಲ ಮೈಕಿನ ವಯರಿಗಲ್ಲ, ಮೈಕಿಗೇ ಕೈ ಹಾಕುವ ಯೋಗ. ಮನೆಗೆ ಬಂದು ಹೇಳಿದರೆ ಶಶಿ ತಲೆ ಚಚ್ಚಿಕೊಂಡಳು.

"ಅವರಿಗೆ ಒಂದು ಮಾತು ತಿಳಿಸ್ಬೇಡ್ವಾ?"

"ಸರ್ಪ್ರೈಸ್ ಕೊಡುವುದು" ಎಂದೆ. "ಇಂಡಿಯನ್ ಊಟಕ್ಕೆ ಬಾ ಅಂತ ಕರೆದಿದ್ದೇನೆ."

"ದೇವರೇ ಕಾಪಾಡ್ಬೇಕು ಆ ಜನವನ್ನು."

ಊರ ಹೊರಗಿನ ಒಂದು ಇಸ್ತಿರಾಹದಲ್ಲಿ, ಅಂದರೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ತೋಟದ ಮನೆಯಲ್ಲಿ, ಸಭೆ. ಗೆನ್ನಾದಿ ಕೋಟು ತೊಟ್ಟು, ಚಾಕಲೇಟಿನ ಡಬ್ಬಿ ಹಿಡಿದು, ಹಸಿದುಕೊಂಡು ಬಂದ. ಬಾಗಿಲಲ್ಲೇ ಅವನ ಆಳೆತ್ತರದ ಫೋಟೋ ಇರುವ ಬ್ಯಾನರು. ಫೋಟೋ ನಾನೇ ಕೊಟ್ಟದ್ದು. ಕಂಪನಿಯ ಗುರುತುಚೀಟಿಯದ್ದಾದ್ದರಿಂದ ಪೊಲೀಸರು ಹುಡುಕುತ್ತಿರುವ ಮನುಷ್ಯನಂತೆ ಕಾಣುತ್ತಿದ್ದ. ಕನ್ನಡ ಓದಲು ಬರುವುದಿಲ್ಲವಲ್ಲ, ಮನೆಗೆ ಬಂದ ನೆಂಟರ ಫೋಟೋ ಹಾಕುವುದು ನಮ್ಮ ಪದ್ಧತಿಯಿರಬೇಕೆಂದು ತಿಳಿದು ನಕ್ಕ. ವೇದಿಕೆಗೆ ಕರೆದರು, ಬಂದ. ಪೇಟ ಇಟ್ಟರು, ಬಗ್ಗಿದ. ಪೇಟ ಅವನ ತಲೆಗೆ ಸಣ್ಣದಾಗಿ ನೆತ್ತಿಯ ಮೇಲೆ ಕೋಳಿ ಕೂತಂತೆ ಕೂತಿತು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಊಟ ಇದೇ ಎಂದು ತಿಳಿದು ಒಂದು ಬಾಳೆಹಣ್ಣು ಸುಲಿದು ತಿನ್ನತೊಡಗಿದ.

ನಾನು ಮೈಕು ಹಿಡಿದೆ. ಆಹಾ, ಏನು ಹೇಳಲಿ! ರಷ್ಯಾದ ಹಿಮ ಎಂದೆ, ಕರಾವಳಿಯ ಕಡಲು ಎಂದೆ, ಮರುಭೂಮಿಯಲ್ಲಿ ಅರಳಿದ ಮಾನವೀಯತೆ ಎಂದೆ. ನನ್ನ ಭಾಷಣ ಮುಗಿಯುವಷ್ಟರಲ್ಲಿ ಬಾಳೆಹಣ್ಣಿನ ಚಿಪ್ಪು ಪೂರ್ತಿ ಮುಗಿದಿತ್ತು. 'ಇವರ ಕೃತಿಯ ಬಗ್ಗೆ ಹೇಳಲು ನನ್ನಲ್ಲಿ ಮಾತುಗಳೇ ಇಲ್ಲ' ಎಂದೂ ಗದ್ಗದನಾಗಿ ನುಡಿದೆ. ಇಡೀ ಭಾಷಣದಲ್ಲಿ ಸತ್ಯವಾದ ವಾಕ್ಯ ಅದೊಂದೇ! ಕೊನೆಗೆ ಸನ್ಮಾನಿತರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ ಘೋಷಿಸಿದೆ. "ಗೆನ್ನಾದಿ, ನಿನ್ನ ದೇಶದ ಸಾಹಿತ್ಯ ಪ್ರಶಸ್ತಿ ಗೆದ್ದಿದ್ದಕ್ಕೆ ಅಭಿನಂದನೆಗಳು!"

ಚಪ್ಪಾಳೆಯೋ ಚಪ್ಪಾಳೆ. ಗೆನ್ನಾದಿಯ ಕೈಯಿಂದ ದ್ರಾಕ್ಷಿ ಗೊಂಚಲು ಜಾರಿತು.

"ಗೆದ್ದದ್ದು ಯಾರು?" ಎಂದ.

"ನೀನು! ಲಾಂಗ್ ಲಿಸ್ಟ್!"

ಅವನ ಮುಖ ಸುಣ್ಣದ ಗೋಡೆಯಾಯಿತು. ಲಾಂಗ್ ಲಿಸ್ಟ್ ಎಂದರೆ ಮೊದಲ ಜರಡಿ. ಅದರಿಂದ ಸೋಸಿ ಶಾರ್ಟ್ ಲಿಸ್ಟ್. ಅದರಿಂದ ಸೋಸಿ ಒಬ್ಬ. ಇದನ್ನೆಲ್ಲ ಅವನು ಬೆರಳು ಮಡಿಸುತ್ತಾ ವಿವರಿಸಿದ. ಮೈಕು ನನ್ನ ಕೈಯಲ್ಲೇ ಇದ್ದದ್ದರಿಂದ ಸಭೆಗೂ ಕೇಳಿಸಿತು.

"ನಮ್ಮಲ್ಲಿ ಹುಟ್ಟುಹಬ್ಬಕ್ಕೂ ಒಂದು ದಿನ ಮೊದಲು ಶುಭಾಶಯ ಹೇಳುವುದಿಲ್ಲ, ಸುರೇಶ್. ಹೇಳಿದರೆ ಕೆಡುಕು. ನೀನು ಹೇಳಿದ್ದು ಮಾತ್ರವಲ್ಲ, ಟೋಪಿ ಹಾಕಿದೆ!"

ಟೋಪಿ ಹಾಕಿದೆ ಎಂಬುದು ಕನ್ನಡದಲ್ಲಿ ಇನ್ನೂ ಸರಿಯಾಗಿ ಅನ್ವಯಿಸುತ್ತದೆ ಎಂದು ಅವನಿಗೆ ತಿಳಿದಿರಲಿಲ್ಲ.

ಕೆಡುಕು ಕಳೆಯಲು ಅವನು ಕೂಡಲೇ ಎಡ ಹೆಗಲಿನ ಕಡೆಗೆ ತಿರುಗಿ 'ತೂ ತೂ ತೂ' ಎಂದ. ಎಡಗಡೆ ಕುಳಿತಿದ್ದವರು ಸಂಘದ ಅಧ್ಯಕ್ಷರು! ಒಣ ಉಗುಳಾದರೂ ಸಾಹೇಬರು ಕರವಸ್ತ್ರ ತೆಗೆದರು. ಸಭೆಯಲ್ಲಿ ಯಾರೋ "ಅರೆ, ಅಧ್ಯಕ್ಷರಿಗೇ ಉಗುಳಿದ್ದಾ?" ಎಂದು ಎದ್ದರು. ಗೆನ್ನಾದಿಗೆ ಅದ್ಯಾವುದರ ಪರಿವೆ ಇಲ್ಲ. ಕಿವಿ ತಡವಿಕೊಂಡ, ಪೆನ್ಸಿಲ್ ಇಲ್ಲ. ಉಗುಳಿದ ಮೇಲೆ ಮರ ಕುಟ್ಟಿದರೇ ಕೆಡುಕು ಹೋಗುವುದಂತೆ. ಕುಟ್ಟಲು ಮರ ಬೇಕು, ಮರ! ಕುರ್ಚಿ ಪ್ಲಾಸ್ಟಿಕ್, ಮೇಜು ಕಬ್ಬಿಣ, ನೆಲ ಟೈಲ್ಸ್. ಇಡೀ ಇಸ್ತಿರಾಹದಲ್ಲಿ ಮರದ್ದು ಎಂಬುದು ಒಂದೇ ವಸ್ತು, ಮುಂದಿನ ಯಕ್ಷಗಾನಕ್ಕೆಂದು ಮೂಲೆಯಲ್ಲಿ ಸಿದ್ಧವಾಗಿದ್ದ ಚೆಂಡೆ. ಅದು ಹಲಸಿನ ಮರದ್ದು ಎಂದು ಹೇಳಿದವನು, ಮತ್ತೆ ಯಾರು, ನಾನೇ. ಗೆನ್ನಾದಿ ಹಾರಿ ಹೋಗಿ ಅದರ ಮೇಲೆ ಕುಟ್ಟಿದ. ಆತಂಕದಲ್ಲಿದ್ದನಲ್ಲ, ಬಲವಾಗಿಯೇ ಕುಟ್ಟಿದ. ಪರದೆಯ ಹಿಂದೆ ಕಾದು ಬೇಸತ್ತಿದ್ದ ಭಾಗವತರು ಇದು ತಮಗೆ ಕೊಟ್ಟ ಸೂಚನೆ ಎಂದು ತಿಳಿದು ಏರುಸ್ವರದಲ್ಲಿ ಪದ ಎತ್ತಿಬಿಟ್ಟರು. ಪದ ಎತ್ತಿದ ಮೇಲೆ ವೇಷ ಬರಲೇಬೇಕು. ಕಿರೀಟ ಕಟ್ಟಿದ ರಕ್ಕಸ ಪರದೆ ಸರಿಸಿ ಗಿರಗಿರನೆ ಹಾರಿ ಧಿಗಿಣ ಹಾಕುತ್ತಾ ಬಂದು, ಪೇಟ ಕಟ್ಟಿದ ಗೆನ್ನಾದಿಯ ಸುತ್ತ ಕುಣಿಯತೊಡಗಿದ. ಇದೂ ಕಾರ್ಯಕ್ರಮದ ಭಾಗ ಎಂದು ಜನ ಶಿಳ್ಳೆ ಹೊಡೆದರು. ಸಂಘದ ಇತಿಹಾಸದಲ್ಲೇ ಇಂಥ ವಾರ್ಷಿಕೋತ್ಸವ ಆಗಿರಲಿಲ್ಲವಂತೆ!

ಊಟ ಮಾಡದೆ ಹೊರಟ ಗೆನ್ನಾದಿಯ ಹಿಂದೆ ಸಾಹೇಬರು ಓಡಿಬಂದರು. ಉಗುಳಿಸಿಕೊಂಡವರು ಅವರು, ಸಮಾಧಾನ ಮಾಡಿದವರೂ ಅವರೇ. "ಸುರೇಶಣ್ಣ, ನಾನು ಮೊದಲೇ ಮಾಷಾ ಅಲ್ಲಾ ಹೇಳಿದ್ದೆ. ನನ್ನ ಕಡೆಯಿಂದ ದೃಷ್ಟಿ ಆಗ್ಲಿಕ್ಕಿಲ್ಲ. ಆದದ್ದಿದ್ರೆ ನಿಮ್ಮದೇ" ಎಂದರು.

ದೃಷ್ಟಿ! ಹೊಳೆದೇಬಿಟ್ಟಿತು. ಮರುದಿನವೇ ಗೆನ್ನಾದಿಯ ಬಾಗಿಲು ಬಡಿದು ಹೇಳಿದೆ. "ಕೆಡುಕು ಕಳೆಯಲು ನಮ್ಮಲ್ಲಿ ವಿಧಾನ ಉಂಟು."

ಅವನು ಮುಖ ಊದಿಸಿಕೊಂಡಿದ್ದ. ಆದರೂ ಕಣ್ಣಲ್ಲಿ ಒಂದು ಆಸೆ ಕಂಡಿತು. "ಖಂಡಿತ ಕೆಲಸ ಮಾಡುತ್ತದೆಯೇ?"

"ಸಾವಿರಾರು ವರ್ಷದಿಂದ ಮಾಡುತ್ತಿದೆ!"

ಶಶಿ ಮಾತ್ರ ಒಪ್ಪಲಿಲ್ಲ. "ಅವರಿಗಾದದ್ದು ದೃಷ್ಟಿ ಅಲ್ಲ ಮಾರಾಯ್ರೆ, ನಿಮ್ಮ ಬಾಯಿ. ಅದಕ್ಕೆ ಮೆಣಸು ಸುಟ್ಟು ಎಂತ ಪ್ರಯೋಜನ?" ಆದರೆ ಶಾಲು ಹೊದ್ದು ನಮ್ಮ ಮನೆಯ ಚಾವಡಿಯಲ್ಲಿ ಮಗುವಿನಂತೆ ಕೂತಿದ್ದ ಆ ಆಜಾನುಬಾಹುವನ್ನು ನೋಡಿ ಅವಳ ಮನಸ್ಸು ಕರಗಿತು. ಶಾಲು ಹೊದ್ದೇ ಬರಬೇಕು ಎಂದವನು ನಾನು. ಕೆಡುಕು ಅದಕ್ಕೇ ತಾನೇ ಅಂಟಿಕೊಂಡಿರುವುದು! ಅವಳು ಉಪ್ಪು, ಸಾಸಿವೆ, ನಾಲ್ಕು ಒಣಮೆಣಸು ಮುಷ್ಟಿಯಲ್ಲಿ ಹಿಡಿದಳು.

"ನಾಲ್ಕು ಸಾಕಾ? ಆಳು ನೋಡು!" ಎಂದು ನಾನು ಬ್ಯಾಡಗಿ ಮೆಣಸಿನ ಪೊಟ್ಟಣವನ್ನೇ ಬಾಣಲೆಗೆ ಸುರಿದೆ.

ಇಲ್ಲೊಂದು ವಿವರ ಹೇಳಬೇಕು. ಒಂದೇ ಗೋಡೆಯೊಳಗೆ ಹತ್ತಾರು ಮನೆಗಳಿರುವ ನಮ್ಮ ಕಾಂಪೌಂಡಿನಲ್ಲಿ ಮನೆಮನೆಗೂ ಹೊಗೆ ಪತ್ತೆಹಚ್ಚುವ ಯಂತ್ರ ಹಾಕಿಸಿ, ಒಂದು ಮನೆಯಲ್ಲಿ ಹೊಗೆ ಎದ್ದರೂ ಎಲ್ಲ ಮನೆಗಳಲ್ಲೂ ಸೈರನ್ ಕೂಗುವಂತೆ ಜೋಡಿಸಿದ ಧೀಮಂತ ನಾನೇ. ಆ ಯೋಜನೆಗಾಗಿ ನನ್ನ ಫೋಟೋ ಕಚೇರಿಯ ಗೋಡೆಯಲ್ಲಿತ್ತು. ಅದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಪರೀಕ್ಷಿಸುವ ಅವಕಾಶ ಆವರೆಗೆ ಬಂದಿರಲಿಲ್ಲ. ಬಹಳ ಚೆನ್ನಾಗಿ ಕೆಲಸ ಮಾಡಿತು!

ಐದು ನಿಮಿಷದಲ್ಲಿ ಕಾಂಪೌಂಡಿನ ಜನವೆಲ್ಲ ಹೊರಗೆ. ಈಜಿಪ್ಟಿನವರು, ಫಿಲಿಪ್ಪೀನ್ಸಿನವರು, ಕೇರಳದವರು, ಎಲ್ಲರೂ ಒಂದೇ ಭಾಷೆಯಲ್ಲಿ ಕೆಮ್ಮುತ್ತಿದ್ದರು. ವಾಚ್‌ಮನ್ "ಯಲ್ಲಾ ಯಲ್ಲಾ" ಎಂದು ಕೂಗುತ್ತಾ ಎಲ್ಲರನ್ನೂ ಮೈದಾನಕ್ಕೆ ಅಟ್ಟುತ್ತಿದ್ದ. ಮಧ್ಯದಲ್ಲಿ ಜರಿಶಾಲು ಹೊದ್ದ ಗೆನ್ನಾದಿ, ಕಣ್ಣಲ್ಲಿ ಧಾರಾಕಾರ ನೀರು. ಕಾಂಪೌಂಡಿನ ಸೌದಿ ಮ್ಯಾನೇಜರು ಮೂಗಿಗೆ ತಲೆವಸ್ತ್ರ ಒತ್ತಿಕೊಂಡು ನನ್ನ ಬಳಿ ಬಂದರು.

"ಸುರೇಶ್! ಸದ್ಯ ನೀನಿದ್ದೀಯಲ್ಲ. ಬೆಂಕಿ ಎಲ್ಲಿ?"

"ಬೆಂಕಿ ಇಲ್ಲ ಸರ್, ಹೊಗೆ ಮಾತ್ರ."

"ಯಾರ ಮನೆ?"

"ಸೇಫ್ಟಿ ಆಫೀಸರದ್ದು ಸರ್."

ಅವರು ನನ್ನನ್ನು ನೋಡಿದ ನೋಟವನ್ನು ವರ್ಣಿಸಲಾರೆ. ಅಷ್ಟರಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಶಶಿ ಹತ್ತಿರ ಬಂದಳು. "ಮಾರಾಯ್ರೆ, ದೃಷ್ಟಿ ಆಗಿದ್ರೆ ಮೆಣಸು ಸುಟ್ರೂ ಘಾಟು ಬರೂದಿಲ್ಲ ಅಲ್ವಾ? ಇಷ್ಟು ಘಾಟು ಬಂದಿದೆ ಅಂದ್ರೆ ಅವರಿಗೆ ದೃಷ್ಟಿಯೇ ಆಗಿರ್ಲಿಲ್ಲ!"

ಅಂದರೆ, ಏನೂ ಆಗಿಲ್ಲ ಎಂಬುದನ್ನು ಸಾಬೀತುಪಡಿಸಲು ನಾನು ಇಡೀ ಕಾಂಪೌಂಡನ್ನು ಖಾಲಿ ಮಾಡಿಸಿದ್ದೆ. ಮರುದಿನ ಕಚೇರಿಯ ಗೋಡೆಯಲ್ಲಿ ಫೋಟೋ ಇರಲಿಲ್ಲ, ಮೊಳೆ ಇತ್ತು.

ಇಲ್ಲಿಗೆ ನಿಂತಿದ್ದರೆ ನಗಬಹುದಿತ್ತು. ಕೆಲವು ದಿನ ಕಳೆದು ಆ ಪ್ರಶಸ್ತಿಯ ಶಾರ್ಟ್ ಲಿಸ್ಟ್ ಬಂತು. ಅದರಲ್ಲಿ ಗೆನ್ನಾದಿಯ ಹೆಸರು ಇರಲಿಲ್ಲ. ಅವನು ನನಗೆ ಹೇಳಲಿಲ್ಲ. ಕ್ಯಾಂಟೀನಿಗೆ ಬಂದು ತಟ್ಟೆ ಹಿಡಿದು ನಮ್ಮ ಮೇಜು ದಾಟಿ, ಗೋಡೆಯ ಕಡೆ ಮುಖಮಾಡಿ ಕೂತ. ಅಷ್ಟರಲ್ಲೇ ನನಗೆ ಗೊತ್ತಾಯಿತು. ಮರುದಿನವೂ ಹಾಗೆಯೇ. ನನಗೆ ನಿಜಕ್ಕೂ ದುಃಖವಾಯಿತು. ಒಬ್ಬ ಮನುಷ್ಯನಿಗೆ ಇದ್ದದ್ದು ಒಂದೇ ದಾರಿ, ಅದಕ್ಕೂ ನಾನು ಅಡ್ಡ ಮಲಗಿದೆನಲ್ಲ ಎಂದು ಮನಸ್ಸು ಚುಚ್ಚುತ್ತಿತ್ತು.

ಕೊನೆಗೆ ಶಶಿಯೇ ನೀರ್‌ದೋಸೆ ಕಟ್ಟಿಕೊಂಡು ನನ್ನನ್ನು ಎಳೆದುಕೊಂಡು ಅವನ ಮನೆಗೆ ಹೋದಳು. ಬಾಗಿಲು ತೆಗೆದ. ನಾನು ದಾರಿಯುದ್ದಕ್ಕೂ ಕಂಠಪಾಠ ಮಾಡಿದ್ದ ಕ್ಷಮಾಪಣೆಯನ್ನು ಒಪ್ಪಿಸಿದೆ. ಪೇಟ, ಶಾಲು, ಮೆಣಸು, ಬಾಯಿ, ಎಲ್ಲದಕ್ಕೂ ಬೇರೆಬೇರೆಯಾಗಿ ಕ್ಷಮೆ ಕೇಳಿದೆ.

ಅವನು ಕೈ ಎತ್ತಿ ತಡೆದ. "ಪ್ರಶಸ್ತಿ ಹೋದರೆ ಹೋಯಿತು. ನನಗಿಂತ ಚೆನ್ನಾಗಿ ಬರೆದವರಿದ್ದಾರು. ಆದರೆ ನೀನು ಅಷ್ಟು ಹೊತ್ತು ನನ್ನ ಪುಸ್ತಕದ ಬಗ್ಗೆ ಮಾತಾಡಿದೆಯಲ್ಲ ಸುರೇಶ್, ಅದರ ಹೆಸರೇನು?"

ನಾನು ಬಾಯಿ ತೆರೆದೆ. ಜೀವಮಾನದಲ್ಲಿ ಮೊದಲ ಸಲ ಅದರಿಂದ ಏನೂ ಬರಲಿಲ್ಲ.

"ಕಾದಂಬರಿ ಬರೆದಿದ್ದೇನೆ ಎಂದು ಹೇಳಿದ ದಿನವೂ ನೀನು ಕೇಳಲಿಲ್ಲ. ಶಾಲು ಹೊದಿಸಿದವರೂ ಕೇಳಲಿಲ್ಲ. ನಾನು ಕಾಯುತ್ತಿದ್ದೆ" ಎಂದ.

ಆ ಮಾತು ಎದೆಗೆ ನಾಟಿತು. ಎರಡು ವರ್ಷ ಒಂದೇ ಮೇಜಿನಲ್ಲಿ ಉಂಡು ನಾನು ಅವನಿಗೆ ಹೇಳದ ವಿಷಯವಿಲ್ಲ, ಕೇಳಿದ ವಿಷಯವೂ ಇಲ್ಲ. ನನ್ನ ಪುಣ್ಯ, ಶಶಿ ಜೊತೆಗಿದ್ದಳು. ಅವಳು ನೆಲದ ಮೇಲೆ ಚಕ್ಕಳಮಕ್ಕಳ ಕೂತು ತನ್ನ ಹರಕು ಇಂಗ್ಲಿಷಿನಲ್ಲಿ, "ಅಣ್ಣಾ, ಈಗ ಹೇಳಿ. ಎಂತ ಕಥೆ?" ಎಂದಳು.

ಅವನು ಹೇಳಿದ. ಒಂದು ನದಿ, ಒಬ್ಬ ಅಂಬಿಗ, ಅವನಿಗೊಂದು ಹಸು. ಹೆಸರು ಜೋರ್ಕಾ, ಪುಸ್ತಕದ ಹೆಸರೂ ಅದೇ. ದೋಣಿ ಹತ್ತದ ಹಸು. ಆಚೆ ದಡದಲ್ಲಿ ಎಷ್ಟೇ ಹುಲ್ಲಿರಲಿ, ಅದು ಈಚೆ ದಡದಲ್ಲೇ ನಿಂತು ಅಂಬಿಗ ಬರುವವರೆಗೂ ಕೂಗುತ್ತದೆ. ನದಿಗೆ ಸೇತುವೆ ಬರುತ್ತದೆ, ದೋಣಿಯನ್ನು ಕೇಳುವವರಿಲ್ಲ. ಅಂಬಿಗ ಆಚೆ ದಡಕ್ಕೆ ಕೂಲಿಗೆ ಹೋಗುತ್ತಾನೆ. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟುತ್ತದೆ. ಅವನನ್ನು ಹುಡುಕಿಕೊಂಡು ಜೋರ್ಕಾ ಆ ಮಂಜುಗಡ್ಡೆಯ ಮೇಲೆ ಹೆಜ್ಜೆ ಇಡುತ್ತದೆ. ದೋಣಿಗೆ ಹೆದರಿದ ಹಸು! ಅಂಬಿಗ ಆಚೆ ದಡದಿಂದ ಬೇಡ ಬೇಡ ಎಂದು ಕೂಗುತ್ತಾನೆ. ಕರೆಯುತ್ತಿದ್ದಾನೆ ಎಂದು ತಿಳಿದು ಅದು ಓಡಿಬರುತ್ತದೆ. ನಡು ನದಿಯಲ್ಲಿ ಮಂಜುಗಡ್ಡೆ ಒಡೆಯುತ್ತದೆ.

ಶಶಿ ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತೆ, ಈ ಸಲ ಮೆಣಸಿಲ್ಲದೆ. ನೀರ್‌ದೋಸೆ ತಣ್ಣಗಾಯಿತು. ಗೆನ್ನಾದಿಯೇ ನಮಗೆ ಚಹಾ ಮಾಡಿ ಕೊಟ್ಟು ಸಮಾಧಾನ ಮಾಡಬೇಕಾಯಿತು. ಹೊರಡುವಾಗ ಬಾಗಿಲಲ್ಲಿ ಏನೋ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ ಸುಮ್ಮನಾದ. ಯಾರಿಗೂ ಹೇಳಬೇಡ ಎನ್ನುವುದು ವ್ಯರ್ಥ ಎಂದು ಅವನಿಗೂ ಮನದಟ್ಟಾಗಿರಬೇಕು.

ಮರುದಿನ ಅವನು ಕೆಲಸದ ಮೇಲೆ ಒಂದು ವಾರಕ್ಕೆ ಯಾನ್ಬು ಎಂಬ ಊರಿಗೆ ಹೋದ. ಬೆಳಗ್ಗೆ ಬಸ್ಸಿನಲ್ಲಿ ಪಕ್ಕದ ಸೀಟಿನ ಉಮ್ಮರಾಕ ಕೇಳಿದರು. ಉಮ್ಮರಾಕ ಉಳ್ಳಾಲದವರು, ಕಾರ್ಖಾನೆಯಲ್ಲಿ ಫೋರ್‌ಮನ್, ಬಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರು. "ಎಂತ ಸುರೇಶಣ್ಣ, ಕಣ್ಣು ಬೀಗಿದೆ? ಪುನಃ ಮೆಣಸು ಸುಟ್ಟದ್ದಾ?"

"ಅಲ್ಲ ಕಾಕ, ಒಂದು ಹಸು..." ಎಂದೆ. ಅಷ್ಟೇ! ಇಡೀ ಬಸ್ಸು ಕಿವಿಯಾಯಿತು. ನದಿ, ಅಂಬಿಗ, ಜೋರ್ಕಾ, ಸೇತುವೆ, ಮಂಜುಗಡ್ಡೆ, ಎಲ್ಲವನ್ನೂ ಹೇಳಿದೆ. ನಡು ನದಿಗೆ ಬಂದಾಗ ಎದುರಿಗಿದ್ದ ಮುಖಗಳನ್ನು ನೋಡಿದೆ. ಎಲ್ಲರೂ ಊರು ಬಿಟ್ಟು ಬಂದವರು, ಈಗ ಬಿಸಿಲಲ್ಲಿ ದಿನವಿಡೀ ನಿಲ್ಲಲಿರುವವರು. ಬೆಳಗ್ಗೆ ಬೆಳಗ್ಗೆ ಅವರೆದುರು ಹಸುವನ್ನು ಮುಳುಗಿಸಲು ನನ್ನ ಕೈಲಾಗಲಿಲ್ಲ. ನಮ್ಮ ಕಡೆ ಯಕ್ಷಗಾನ ಪ್ರಸಂಗದಲ್ಲಿ ಎಷ್ಟೇ ಯುದ್ಧವಾಗಲಿ, ಬೆಳಗಾಗುವಾಗ ಮಂಗಳ ಹಾಡಿಯೇ ಮುಗಿಸುವುದು. ನಾನೂ ಹಗ್ಗ ತರಿಸಿದೆ, ಊರಿನವರನ್ನೆಲ್ಲ ಸೇರಿಸಿದೆ, ಜೋರ್ಕಾವನ್ನು ದಡಕ್ಕೆಳೆದು ಮಂಗಳ ಹಾಡಿಬಿಟ್ಟೆ. ಬಸ್ಸು ನಿಟ್ಟುಸಿರುಬಿಟ್ಟಿತು.

ಗೆನ್ನಾದಿ ಯಾನ್ಬುವಿನಿಂದ ಮರಳಿದಾಗ ಜುಬೈಲು ಬೇರೆಯೇ ಆಗಿತ್ತು. ಗೇಟಿನಲ್ಲಿ ಒಬ್ಬರು ಕೈಕುಲುಕಿದರು. ಕ್ಯಾಂಟೀನಿನಲ್ಲಿ ಅನ್ನ ಬಡಿಸುವವರು ಎರಡು ಸೌಟು ಹೆಚ್ಚು ಹಾಕಿ "ಜೋರ್ಕಾ ಗುಡ್?" ಎಂದರು. ಸಾದಿಕ್ ಸಾಹೇಬರು ಅವನನ್ನು ತಬ್ಬಿಕೊಂಡು, "ಒಳ್ಳೇ ಕೆಲಸ ಮಾಡಿದ್ರಿ, ಜೀವ ಉಳಿಸಿದ್ರಿ" ಎಂದರಂತೆ. ಅವನು ತಟ್ಟೆ ಹಿಡಿದು ಸೀದಾ ನಮ್ಮ ಮೇಜಿಗೆ ಬಂದು ಕೂತ. ಎಷ್ಟು ದಿನದ ಮೇಲೆ! ನನಗೆ ಸಂತೋಷ ಉಕ್ಕಿಬಂತು.

"ನನ್ನ ಹಸುವನ್ನು ಬದುಕಿಸಿದವನು ಯಾರು?" ಎಂದ.

ಸಂತೋಷ ಇಳಿಯಿತು.

"ಸುರೇಶ್, ನನ್ನ ಪುಸ್ತಕ ಅಚ್ಚಾಗಿಲ್ಲ. ಅದು ಈಗ ಇರುವುದು ಈ ಜನರ ಬಾಯಲ್ಲಿ ಮಾತ್ರ. ಅಲ್ಲಾದರೂ ಅದು ನಾನು ಬರೆದಂತೆ ಇರಲಿ. ನಾಳೆ ಬಸ್ಸಿನಲ್ಲಿ ನಿಜ ಹೇಳು. ನನ್ನ ಎದುರಲ್ಲೇ."

ಇದಕ್ಕಿಂತ ನ್ಯಾಯವಾದ ಬೇಡಿಕೆ ಉಂಟೇ? ಮರುದಿನ ಬಸ್ಸು ಹೊರಟಿತು. ಗೆನ್ನಾದಿ ಮುಂದಿನ ಸೀಟಿನಲ್ಲಿ ಹಿಂದೆ ತಿರುಗಿ ಕೂತ. ನಾನು ಕಂಬಿ ಹಿಡಿದು ಎದ್ದು ನಿಂತೆ. ಈ ಸಲ ಹಿಮವೂ ಇಲ್ಲ, ಮಾನವೀಯತೆಯೂ ಇಲ್ಲ. ಮೈಕೂ ಇಲ್ಲ.

"ಸಹೋದರರೇ, ತಪ್ಪಾಗಿದೆ. ಆ ಹಸು ಬದುಕಲಿಲ್ಲ. ಮಂಜುಗಡ್ಡೆ ಒಡೆದು ಮುಳುಗಿ ಸತ್ತಿತು. ನಿಮಗೆ ಬೇಸರವಾಗುತ್ತದೆಂದು ನಾನು ಸುಳ್ಳು ಹೇಳಿದ್ದೆ."

ಉಮ್ಮರಾಕ ಕನ್ನಡಕ ತೆಗೆದು ಒರೆಸಿ, ಪುನಃ ಹಾಕಿಕೊಂಡು, ನನ್ನನ್ನು ನೋಡಿದರು.

"ಅಲ್ಲ ಮಾರಾಯ, ಇವರಿಗೆ ಪ್ರಶಸ್ತಿ ಬಂದಿದೆ ಅಂತ ಹೇಳಿದ್ದು ಯಾರು?"

"ನಾನು."

"ಬಂದಿತ್ತಾ?"

"ಇಲ್ಲ."

"ದೃಷ್ಟಿ ಆಗಿದೆ ಅಂತ ಹೇಳಿದ್ದು?"

"ನಾನೇ."

"ಆಗಿತ್ತಾ?"

"ಇಲ್ಲ."

ಉಮ್ಮರಾಕ ಬಸ್ಸಿನ ಕಡೆ ತಿರುಗಿ ತೀರ್ಪು ಕೊಟ್ಟರು. "ನೋಡಿ, ಇವರು ಹೇಳಿದ್ದು ಇದುವರೆಗೆ ಒಂದಾದರೂ ಸರಿ ಆದದ್ದುಂಟಾ? ಹಸು ಬದುಕಿಯೇ ಉಂಟು. ಯಾರೂ ಹೆದರ್ಬೇಡಿ!"

"ಹೌದು ಹೌದು" ಎಂದಿತು ಇಡೀ ಬಸ್ಸು. ನಾನು ಆಣೆ ಇಟ್ಟೆ, ಕೈಮುಗಿದೆ. ಒಬ್ಬರಂತೂ ನನ್ನ ತೋಳು ಹಿಡಿದು, "ಕೂತ್ಕೊಳ್ಳಿ ಸುರೇಶಣ್ಣ, ಬಸ್ಸಲ್ಲಿ ನಿಲ್ಲುವುದು ಸೇಫ್ಟಿ ಅಲ್ಲ" ಎಂದು ಎಳೆದು ಕೂರಿಸಿದರು.

"ಏನು ಹೇಳುತ್ತಿದ್ದಾರೆ?" ಎಂದು ಗೆನ್ನಾದಿ ಕೇಳಿದ.

ನಾನು ತಲೆ ತಗ್ಗಿಸಿ ಅನುವಾದಿಸಿದೆ. "ಹಸು ಬದುಕಿದೆ ಅಂತ. ನನ್ನ ಮಾತು ನಂಬುವುದಿಲ್ಲ ಅಂತ."

ಗೆನ್ನಾದಿ ಕಿಟಕಿಯ ಕಡೆ ಮುಖ ತಿರುಗಿಸಿದ. ಚಿಮಣಿಗಳ ಸಾಲು ಹಿಂದೆ ಹಿಂದೆ ಓಡುತ್ತಿತ್ತು. ಆಮೇಲೆ ಅವನ ಭುಜ ಅಲುಗತೊಡಗಿತು. ಅಳುತ್ತಿದ್ದಾನೆಂದು ನಾನು ಗಾಬರಿಯಾದೆ. ಇಲ್ಲ, ನಗುತ್ತಿದ್ದ. ಎರಡು ವರ್ಷದಲ್ಲಿ ಅವನು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಕಣ್ಣೊರೆಸಿಕೊಂಡು ನನ್ನ ಕಡೆ ಬಾಗಿದ.

"ಸರಿ. ಹಾಗಾದರೆ ಅವರಿಗೆ ಹೇಳು, ಜೋರ್ಕಾ ಕರು ಹಾಕಿದೆ."

ನಾನು ಮತ್ತೆ ಎದ್ದು ನಿಂತು ಹೇಳಿದೆ. ಒಬ್ಬರೂ ನಂಬಲಿಲ್ಲ!